ಬಾರದವರ ಲೆಕ್ಕ: ಸಭಾಪಾಲಕರೊಬ್ಬರ ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಶಿವಮೊಗ್ಗದ ಹೊರವಲಯದ ಹೊಸ ಬಡಾವಣೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಕ್ರೈಸ್ತ ಸಭೆ ಕಟ್ಟಲು ಶ್ರಮಿಸುತ್ತಿದ್ದ 38 ವರ್ಷದ ಸಭಾಪಾಲಕರು ಪತ್ನಿಯ ಒತ್ತಾಯಕ್ಕೆ ಮಣಿದು ನನ್ನ ಬಳಿ ಆಪ್ತಸಲಹೆಗೆ ಬಂದರು. ನಿದ್ದೆ ಹತ್ತುವುದಿಲ್ಲ, ಶನಿವಾರ ರಾತ್ರಿ ಎದೆ ಬಿಗಿಯುತ್ತದೆ, ಭಾನುವಾರದ ಪ್ರಸಂಗ (ಉಪದೇಶ) ಬರೆಯಲು ಕುಳಿತರೆ ಒಂದು ಪುಟವೂ ಸಾಗುವುದಿಲ್ಲ ಎಂಬುದು ಅವರ ದೂರು. ಸೇವೆಯನ್ನು ಬಿಡಬೇಕೋ ಮುಂದುವರಿಸಬೇಕೋ ಎಂಬುದನ್ನು ಅಂದೇ ಹೇಳಿಬಿಡಬೇಕೆಂದು ಕೇಳಿದರು.

ಆ ಬಡಾವಣೆಯಲ್ಲಿ ಅಧ್ಯಾಪಕರು, ಬ್ಯಾಂಕ್ ನೌಕರರು, ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚು. 1951ರ ಕಾಗೋಡು ಸತ್ಯಾಗ್ರಹದ, ಶಾಂತವೇರಿ ಗೋಪಾಲಗೌಡರ ಸಮಾಜವಾದದ ನೆನಪು ಇನ್ನೂ ಮಾತಿನಲ್ಲಿ ಉಳಿದಿರುವ ಜಿಲ್ಲೆಯಿದು. ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ ಪುರೋಹಿತರಿಲ್ಲದೆ ಮದುವೆಯಾದವರೂ ಅದೇ ಬೀದಿಯಲ್ಲಿದ್ದರು. ಇಂಥವರಿಗೆ ಸಭಾಪಾಲಕರ ಮೇಲೆ ದ್ವೇಷವಿರಲಿಲ್ಲ, ಅವರ ಮಾತಿನಲ್ಲಿ ಆಸಕ್ತಿಯೂ ಇರಲಿಲ್ಲ. ಎದುರು ಮನೆಯ ನಿವೃತ್ತ ಮೇಷ್ಟ್ರು ಒಮ್ಮೆ, “ಪಾಸ್ಟರೇ, ಕ್ರಿಸ್‌ಮಸ್‌ಗೆ ಬರ್ತೀವಿ, ಕೇಕೂ ತಿಂತೀವಿ. ದೇವರ ವಿಷಯ ಮಾತ್ರ ಬೇಡ, ನಮ್ಮನೇಲಿ ನಮ್ಮ ದೇವರಿಗೇ ದೀಪ ಹಚ್ಚೋರಿಲ್ಲ” ಎಂದಿದ್ದರಂತೆ. ವಿರೋಧ ಬಂದರೆ ಹೇಗೆ ತಾಳಿಕೊಳ್ಳಬೇಕೆಂದು ಕಲಿತು ಬಂದಿದ್ದ ಇವರಿಗೆ ಈ ನಗುಮುಖದ ಉದಾಸೀನವನ್ನು ಎದುರಿಸುವ ಬಗೆ ತಿಳಿದಿರಲಿಲ್ಲ.

ಪತ್ನಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿದಾಗ ಹೊರಬಂದ ಸಂಗತಿ ಹೆಚ್ಚು ಸ್ಪಷ್ಟವಾಗಿತ್ತು. “ಇವರು ಪ್ರತಿ ಭಾನುವಾರ ನಲವತ್ತು ಕುರ್ಚಿ ಹಾಕಿಸ್ತಾರೆ, ಬರೋದು ಏಳೆಂಟು ಜನ. ಮೂವತ್ತು ಜನಕ್ಕೆ ಉಪ್ಪಿಟ್ಟು ಮಾಡು ಅಂತಾರೆ. ರಾತ್ರಿ ನಾನೂ ಮಕ್ಕಳೂ ಅದನ್ನೇ ತಿನ್ನೋದು” ಎಂದರು. ಸಂಜೆ ಆ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವಾಗ ಗಂಡ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ನೆರವು ಕಳುಹಿಸುವ ಮೂಲ ಸಭೆಯು ಆರಾಧನೆಗೆ ಬಂದವರ ಮತ್ತು ದೀಕ್ಷಾಸ್ನಾನ ಪಡೆದು ಸಭೆ ಸೇರಿದವರ ಸಂಖ್ಯೆಯನ್ನು ತಿಂಗಳು ತಿಂಗಳೂ ಕೇಳುತ್ತಿತ್ತು.

ಖಿನ್ನತೆಯನ್ನು ಅಳೆಯಲು ಹಿಂದಿನ ಎರಡು ವಾರಗಳ ಸ್ಥಿತಿಯನ್ನು ವಿಚಾರಿಸುವ 9 ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಅವರಿಗೆ 27ಕ್ಕೆ 14 ಅಂಕ ಬಂತು. ಇದು ಮಧ್ಯಮ ಪ್ರಮಾಣದ ಖಿನ್ನತೆಯ ಸೂಚನೆ. ಸಾಯುವ ಯೋಚನೆ ಇರಲಿಲ್ಲ. ಈ ಖಿನ್ನತೆಯನ್ನು ನಂಬಿಕೆಯ ಕೊರತೆಯೆಂದು ಅವರು ತಿಳಿದಿದ್ದರಿಂದ, ಮನೋವೈದ್ಯರನ್ನು ಕಾಣುವಂತೆ ಮೊದಲು ಒಪ್ಪಿಸಬೇಕಾಯಿತು. ಅಪರಾತ್ರಿಯಲ್ಲಿ ಸಂಕಟ ಹೆಚ್ಚಾದರೆ ಕರೆಯಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರಿಗೂ ಕೊಟ್ಟೆ. ಬಿಡುವ ಅಥವಾ ಮುಂದುವರಿಸುವ ತೀರ್ಮಾನವನ್ನು ನಿದ್ದೆ ಸರಿಹೋಗುವ ತನಕ ಮುಂದೂಡಲು ಹೇಳಿದೆ, ಏಕೆಂದರೆ ದಣಿದ ಮನಸ್ಸು ಎರಡರಲ್ಲಿ ಯಾವುದನ್ನು ಆರಿಸಿದರೂ ಅದು ತಪ್ಪಿಸಿಕೊಳ್ಳುವ ದಾರಿಯೇ ಆಗಿರುತ್ತದೆ.

ಛಲಕ್ಕೆ ಸಾಕ್ಷಿಯಾಗಿ ಅವರು ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯ ಹೆಸರೆತ್ತಿದರು. 1793ರಲ್ಲಿ ಬಂಗಾಳಕ್ಕೆ ಬಂದ ಕೇರಿ, ಮೊದಲ ಸ್ಥಳೀಯ ವ್ಯಕ್ತಿಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರ್‌ನಲ್ಲಿ. ಆದರೆ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವೊಂದಿದೆ: ಮಗನನ್ನು ಕಳೆದುಕೊಂಡ ಬಳಿಕ ಕೇರಿಯ ಪತ್ನಿ ಡೊರೊಥಿಯ ಮನಸ್ಸು ಕದಡಿತು, 1807ರಲ್ಲಿ ತೀರಿಕೊಳ್ಳುವವರೆಗೂ ಅವರು ಚೇತರಿಸಿಕೊಳ್ಳಲಿಲ್ಲ. ಇದನ್ನು ನೆನಪಿಸಿದಾಗ ಸಭಾಪಾಲಕರು ಬಹಳ ಹೊತ್ತು ಸುಮ್ಮನಿದ್ದರು; ಪತ್ನಿ ಅಳಲಾರಂಭಿಸಿದರು. ನನ್ನ ಅಭಿಪ್ರಾಯ ಇಷ್ಟೇ: “ಇನ್ನು ಸಾಕು” ಎಂದು ಹೇಳುವ ಹಕ್ಕು ತನ್ನ ಹೊರತು ಇನ್ನೊಬ್ಬರಿಗೂ ಇದ್ದರೆ ಮಾತ್ರ ಅದು ಸ್ಥಿರಪ್ರಯತ್ನ, ಇಲ್ಲವಾದರೆ ಬರೀ ಹಟ. ಅವರ ಮಟ್ಟಿಗೆ ಆ ಹಕ್ಕು ಪತ್ನಿಗೂ ಮೂಲ ಸಭೆಯ ಹಿರಿಯರೊಬ್ಬರಿಗೂ ಇರಲಿ ಎಂದು ಅವರೂ ಪತ್ನಿಯೂ ಆ ಹಿರಿಯರೂ ಒಪ್ಪಿದರು.

ಉಳಿದ ಸಲಹೆಗಳು ಸಣ್ಣವು. ಭಾನುವಾರ ಹತ್ತೇ ಕುರ್ಚಿ ಹಾಕಬೇಕು, ಹೆಚ್ಚು ಜನ ಬಂದರೆ ಆಮೇಲೆ ತಂದರಾಯಿತು. ಉಪ್ಪಿಟ್ಟು ಬಂದವರ ಲೆಕ್ಕಕ್ಕೆ. ಸೋಮವಾರ ಪೂರ್ತಿ ರಜೆ. ಬೈಬಲ್‌ನಲ್ಲಿ, ಅಥೇನೆ (ಅಥೆನ್ಸ್) ಪಟ್ಟಣದಲ್ಲಿ ಕೆಲವರು ಗೇಲಿ ಮಾಡಿ, ಕೆಲವರು “ಇನ್ನೊಮ್ಮೆ ಕೇಳುತ್ತೇವೆ” ಎಂದಾಗ ಕ್ರಿಸ್ತನ ಅಪೊಸ್ತಲನಾದ ಪೌಲನು ಅಲ್ಲಿಂದ ಹೊರಟು ಕೊರಿಂಥದಲ್ಲಿ ಗುಡಾರ ಹೊಲಿಯುತ್ತ ಒಂದೂವರೆ ವರ್ಷ ಇದ್ದದ್ದು ಅವರಿಗೆ ಗೊತ್ತಿದ್ದ ವಿಷಯವೇ. ಹಾಗಾಗಿ ಅರೆಕಾಲಿಕ ಕೆಲಸ ಹುಡುಕುವ ಮಾತು ಅವರಿಗೆ ಅವಮಾನವೆನಿಸಲಿಲ್ಲ. ಮೇಷ್ಟ್ರ ಜೊತೆಗಿನ ಸಂಜೆಯ ಚಹಾವನ್ನು ಸೇವೆಯ ವರದಿಯಲ್ಲಿ ಬರೆಯಬಾರದೆಂದೂ ಹೇಳಿದೆ. ಸ್ನೇಹವನ್ನು ಸುಗ್ಗಿಯಾಗಿ ಎಣಿಸತೊಡಗಿದರೆ ನೆರೆಯವರಿಗೆ ಅದು ಬೇಗ ತಿಳಿಯುತ್ತದೆ.

ಮೂರು ತಿಂಗಳಲ್ಲಿ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿಯಿತು. ಈಗ ಅವರು ಬೆಳಗಿನ ಹೊತ್ತು ಟ್ಯೂಷನ್ ಹೇಳುತ್ತಾರೆ. ಆರಾಧನೆಗೆ ಬರುವವರು ಇಂದಿಗೂ ಏಳೆಂಟು ಮಂದಿಯೇ. ಮೂಲ ಸಭೆಯು ಸಂಖ್ಯೆಯ ವರದಿಯನ್ನು ವರ್ಷಕ್ಕೊಮ್ಮೆ ಮಾಡಲು ಒಪ್ಪಿದೆ. ಮುಂದುವರಿಸುವ ಪ್ರಶ್ನೆಯನ್ನು ಬರುವ ಜೂನ್‌ನಲ್ಲಿ ಮೂವರೂ ಕುಳಿತು ಚರ್ಚಿಸಲಿದ್ದಾರೆ.