ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಕೊಳ್ಳುವಾಗ ಏನು ನೋಡಬೇಕು?

ಐದು ವರ್ಷದ ಲ್ಯಾಪ್‌ಟಾಪ್ ಚಾರ್ಜರ್ ತೆಗೆದರೆ ಅರ್ಧ ಗಂಟೆಯೂ ನಡೆಯಲ್ಲ, ಯಾವ ಬ್ಯಾಟರಿ ತರಲಿ ಅಂತ ಕೇಳಿದ್ದೀರಿ. ಬರೀ ಮಾಡೆಲ್ ಹೆಸರು ಹೇಳಿ ಕೊಳ್ಳಬೇಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಬ್ಯಾಟರಿ ಬಂದಿರಬಹುದು, ಕನೆಕ್ಟರ್ ಕೂಡ ಬೇರೆ ಇರಬಹುದು. ಹಳೇ ಬ್ಯಾಟರಿಯ ಲೇಬಲ್ ಫೋಟೋ ತೆಗೆದುಕೊಳ್ಳಿ. ಅದರ ಮೇಲಿನ ಪಾರ್ಟ್ ನಂಬರ್ ಹೊಂದಬೇಕು.

ಆಮೇಲೆ ವೋಲ್ಟೇಜ್. 10.8 ಮತ್ತು 11.1 ವೋಲ್ಟ್ ಎರಡೂ ಮೂರು ಸೆಲ್ ಸಾಲಾಗಿ ಜೋಡಿಸಿದ ಬ್ಯಾಟರಿಗಳೇ, ಸಾಮಾನ್ಯವಾಗಿ ಒಂದರ ಬದಲು ಇನ್ನೊಂದು ನಡೆಯುತ್ತದೆ. ಅವುಗಳ ಜಾಗಕ್ಕೆ 14.8 ವೋಲ್ಟಿನದು ಬೇಡವೇ ಬೇಡ.

ಅಂಗಡಿಯಲ್ಲಿ ಎಂಎಎಚ್ (ಮಿಲಿಆಂಪಿಯರ್-ಅವರ್) ಜಾಸ್ತಿ ಅಂತ ತೋರಿಸುತ್ತಾರೆ. ನೀವು ವ್ಯಾಟ್-ಅವರ್ ನೋಡಿ, ಅಂದರೆ ಬ್ಯಾಟರಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನೋದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಗುತ್ತದೆ. 4400 ಎಂಎಎಚ್ ಅಂದರೆ 4.4 ಆಂಪಿಯರ್-ಅವರ್: 11.1 × 4.4, ಅಂದರೆ ಸುಮಾರು 49. ಅಷ್ಟೇ ದಪ್ಪ, ಅಷ್ಟೇ ತೂಕದ ಬ್ಯಾಟರಿಯ ಮೇಲೆ 80 ಅಂತ ಬರೆದಿದ್ದರೆ ನಂಬಬೇಡಿ.

ಸರ್ವಿಸ್ ಸೆಂಟರ್‌ನಲ್ಲಿ ಕಂಪನಿಯದೇ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತಗೊಳ್ಳಿ. ಹೊರಗಿನದಾದರೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ವಾರಂಟಿ, ಬಿಲ್ ಮೂರೂ ಇರಲಿ. ಸೆಕೆಂಡ್ ಹ್ಯಾಂಡ್ ಬೇಡ. ಲಿಥಿಯಂ ಸೆಲ್ ಸುಮ್ನೆ ಇಟ್ಟರೂ ಸವೆಯುತ್ತದೆ.

ಟಚ್‌ಪ್ಯಾಡ್ ಮೇಲೆದ್ದಂತೆ ಕಾಣುತ್ತಿದೆಯಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜಿಗೆ ಹಾಕಬೇಡಿ, ನೀವೇ ಬಿಚ್ಚಲೂ ಬೇಡಿ, ಇವತ್ತೇ ರಿಪೇರಿಯವರಿಗೆ ತೋರಿಸಿ.