ಪಿಎ ಕೋರ್ಸ್ ಮುಗಿಯುತ್ತಿದೆ, ಕಲಿಸಿದವರಿಗೆ ಏನು ಉಡುಗೊರೆ ಕೊಡಲಿ?

ಇನ್ನು ನಾಲ್ಕು ರೊಟೇಷನ್ (ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಸರದಿಯ ತರಬೇತಿ) ಬಾಕಿ ಇದೆ, ಪ್ರೋಗ್ರಾಂ ಡೈರೆಕ್ಟರ್‌ಗೆ ಊರಿನಿಂದ ಮೈಸೂರು ಪೇಟ, ಶಾಲು ತರಿಸಲೇ, ಅಲ್ಲಿ ಕೈಹಿಡಿದು ಕಲಿಸುವ ಪ್ರಿಸೆಪ್ಟರ್‌ಗಳಿಗೆ ಗಿಫ್ಟ್ ಕಾರ್ಡ್ ಸಾಕೇ ಎಂದು ಕೇಳಿದ್ದೀರಿ. ನಾನೂ ಕರ್ನಾಟಕದಿಂದ ಅಮೆರಿಕಕ್ಕೆ ಬಂದು ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯರ ಜೊತೆಗೂಡಿ ರೋಗಿಗಳನ್ನು ನೋಡುವ ಪಿಎ, ಓದಿದವಳು, ಇದೇ ಪ್ರಶ್ನೆ ನನಗೂ ಇತ್ತು. ಈಗ ನಾನೇ ಪ್ರಿಸೆಪ್ಟರ್. ಆ ಜಾಗದಲ್ಲಿ ನಿಂತು ಹೇಳುತ್ತಿದ್ದೇನೆ: ಪೇಟ, ಶಾಲು, ಕಾರ್ಡ್ ಯಾವುದೂ ಬೇಡ. ನಿಮಗೆ ಕಲಿಸುತ್ತಿರುವವರ ತಲೆ ಮೇಲೆ ಹೊರೆ ಬಹಳ ಇದೆ. ಅದರಲ್ಲಿ ಒಂದಿಷ್ಟು ಇಳಿಸಿ. ಉಳಿದ ನಾಲ್ಕು ರೊಟೇಷನ್ ಅದಕ್ಕೆ ಸಾಕು.

ಋಣ ಯಾರದು ಎಂಬ ಲೆಕ್ಕ ಡೈರೆಕ್ಟರ್ ಕೊಠಡಿಯಲ್ಲಿ ಮುಗಿಯುವುದಿಲ್ಲ. ಈ ವೃತ್ತಿಯ ಬೇರನ್ನೇ ನೋಡಿ: ನಾರ್ತ್ ಕ್ಯಾರೊಲೈನಾದ ಗಾರ್ಲೆಂಡ್ ಎಂಬ ಸಣ್ಣ ಊರಲ್ಲಿ ಡಾ. ಏಮಸ್ ಜಾನ್ಸನ್ ಎಂಬ ವೈದ್ಯರಿದ್ದರು. ಅವರ ಸಹಾಯಕ ಹೆನ್ರಿ ಟ್ರೆಡ್‌ವೆಲ್ ಎಂಬ ಕಪ್ಪು ಜನಾಂಗದ ವ್ಯಕ್ತಿ, ಊರವರ ಬಾಯಲ್ಲಿ ಬಡ್ಡಿ. ಯಾವ ಪದವಿಯೂ ಇರಲಿಲ್ಲ. ಜಾನ್ಸನ್ ತಮ್ಮ ಕೈಯಾರೆ ಕಲಿಸಿದ್ದರು. ಡಾಕ್ಟರು ಸಭೆ ಸಮಾರಂಭಗಳಿಗೆ ಹೊರಟರೆ ಕ್ಲಿನಿಕ್ ಸಾಗುತ್ತಿದ್ದುದು ಟ್ರೆಡ್‌ವೆಲ್ ಮೇಲೆ. ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಇಂಥ ಸಹಾಯಕರನ್ನು ಕ್ರಮಬದ್ಧವಾಗಿ ತಯಾರು ಮಾಡಬಹುದು ಎಂದು ಯೋಚಿಸುವಾಗ ಕಣ್ಣ ಮುಂದಿದ್ದ ಮಾದರಿಗಳಲ್ಲಿ ಈ ಜೋಡಿಯೂ ಒಂದು. ಸ್ಟೆಡ್ ಮೊದಲು ಕೈಹಾಕಿದ್ದು ನರ್ಸ್‌ಗಳ ಜೊತೆಗೆ. ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿಯೊಡನೆ ಸೇರಿ ಮೇಲ್ಮಟ್ಟದ ಕ್ಲಿನಿಕಲ್ ತರಬೇತಿ ಕಟ್ಟಿದರು. ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆ ಬಾಗಿಲು ಮುಚ್ಚಿದ ಮೇಲೆಯೇ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ನಾಲ್ವರನ್ನು 1965ರಲ್ಲಿ ಸೇರಿಸಿಕೊಂಡದ್ದು. 1967ರ ಅಕ್ಟೋಬರ್ 6ರಂದು ಪದವಿ ಪಡೆದವರು ಮೂವರು. ಈಗ ಪ್ರತಿ ವರ್ಷ ಅಕ್ಟೋಬರ್ 6ರಿಂದ 12ರವರೆಗೆ ಪಿಎ ವಾರ ಆಚರಿಸುವುದು ಆ ದಿನದ ಲೆಕ್ಕದಲ್ಲೇ. 1969ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಾ. ರಿಚರ್ಡ್ ಸ್ಮಿತ್ ಮೆಡೆಕ್ಸ್ ಎಂಬ ಪಿಎ ತರಬೇತಿ ಶುರು ಮಾಡಿದಾಗ ಭಾರ ಪೂರ್ತಿ ಹೊತ್ತವರು ಹಳ್ಳಿಗಾಡಿನ ವೈದ್ಯರು: ಕೆಲವೇ ತಿಂಗಳ ಪಾಠ, ಉಳಿದದ್ದೆಲ್ಲ ಅವರ ಕ್ಲಿನಿಕ್‌ನಲ್ಲಿ. ಇವತ್ತಿನ ನಿಮ್ಮ ರೊಟೇಷನ್‌ಗಳು ನಿಂತಿರುವುದೂ ಅಂಥವರ ಮೇಲೇ. ಬಹುಪಾಲು ಪ್ರಿಸೆಪ್ಟರ್‌ಗಳು ಕಾಲೇಜಿನ ಸಂಬಳದವರಲ್ಲ.

ಇನ್ನೊಂದು ಮಾತು. "ನಮ್ಮ ಕಡೆ ಇಂಥ ಓದೇ ಇಲ್ಲ" ಎಂದು ಬರೆದಿದ್ದೀರಿ. ಇದೆ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಭಾರತದ ಮೊದಲ ಪಿಎ ತರಬೇತಿ ಆರಂಭಿಸಿದರು. ಮಣಿಪಾಲದಲ್ಲಿ ಈ ಪದವಿ ಇದೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಫಿಸಿಷಿಯನ್ ಅಸೋಸಿಯೇಟ್ (ಪಿಎಯ ಇನ್ನೊಂದು ಹೆಸರು) ಎಂಬುದೂ ಇದೆ.

ಈಗ ನೀವು ಪಟ್ಟಿಯಲ್ಲಿ ಬರೆಯದೇ ಬಿಟ್ಟವರು: ದೇಹದಾನಿಗಳು. ಮೊದಲ ವರ್ಷದ ಅನಾಟಮಿ ಮೇಜಿನ ಮೇಲೆ ಮಲಗಿದ್ದವರು. ಅವರಿಗೆ ಕೊಡಲು ಏನೂ ಇಲ್ಲ, ನಡೆದುಕೊಳ್ಳುವ ರೀತಿ ಮಾತ್ರ ಇದೆ. ಅವತ್ತು ನೋಡದ ಭಾಗವನ್ನೆಲ್ಲ ಬಟ್ಟೆಯಿಂದ ಮುಚ್ಚಿಡಬೇಕು. ತೆಗೆದ ಚರ್ಮ, ಕೊಬ್ಬು, ಚೂರು ಅಂಗಾಂಶ ಏನೇ ಇರಲಿ, ಆ ದೇಹದ ಗುರುತಿನ ಸಂಖ್ಯೆ ಇರುವ ಡಬ್ಬಕ್ಕೇ ಹೋಗಬೇಕು. ಪಕ್ಕದ ಮೇಜಿನ ಡಬ್ಬ ಹತ್ತಿರವಿದೆ ಎಂದು ಅದಕ್ಕೆ ಹಾಕಿದರೆ ಕೊನೆಗೆ ದಹನಕ್ಕೆ ಹೋಗುವಾಗ ಒಬ್ಬರ ದೇಹ ಅಪೂರ್ಣ, ಇನ್ನೊಬ್ಬರದರಲ್ಲಿ ಪರರ ಚೂರು. ಚಿತಾಭಸ್ಮಕ್ಕೆ ಕಾಯುತ್ತಿರುವ ಮನೆಯವರಿಗೆ ಮಾಡುವ ಅನ್ಯಾಯ ಅದು. ಅನೇಕ ಕಾಲೇಜುಗಳಲ್ಲಿ ವರ್ಷದ ಕೊನೆಗೆ ದಾನಿಗಳ ಸ್ಮರಣೆಯ ಸಭೆ ಇರುತ್ತದೆ, ಕುಟುಂಬದವರೂ ಬರುತ್ತಾರೆ. ನಿಮ್ಮ ಕಾಲೇಜಿನಲ್ಲಿದ್ದರೆ ರೊಟೇಷನ್ ನೆಪ ಹೇಳದೆ ರಜೆ ಕೇಳಿ ಹೋಗಿ. ಈ ಉತ್ತರದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ಕ್ಲಿನಿಕಲ್ ಕೋಆರ್ಡಿನೇಟರ್. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ದುಡಿದು ಅತಿ ಕಡಿಮೆ ಧನ್ಯವಾದ ಪಡೆಯುವವರು. ವಿದ್ಯಾರ್ಥಿಗಳೇ ಹೋಗಿ ರೊಟೇಷನ್ ಜಾಗ ಹುಡುಕಿಕೊಳ್ಳಿ ಎಂದು ಕಾಲೇಜು ಒತ್ತಾಯಿಸುವಂತಿಲ್ಲ, ಮಾನ್ಯತೆ ಕೊಡುವ ಎಆರ್‌ಸಿ-ಪಿಎ ನಿಯಮ ಅದು. ಹಾಗಾಗಿ ಪ್ರತಿ ಜಾಗವೂ ಈ ಒಬ್ಬರೋ ಇಬ್ಬರೋ ಹುಡುಕಿ ತಂದದ್ದು. ಎರಡೂ ಕಡೆಯ ವಕೀಲರು ಓದಿ ಒಪ್ಪುವ ಒಪ್ಪಂದ, ವಿಮೆಯ ಪ್ರಮಾಣಪತ್ರ, ಜಾಗಕ್ಕೆ ಹೋಗಿ ಪರಿಶೀಲನೆ, ಎಲ್ಲ ಸೇರಿ ಒಂದು ಹೊಸ ಜಾಗಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದೇ ಪ್ರಿಸೆಪ್ಟರ್‌ಗಾಗಿ ವೈದ್ಯರನ್ನು ತಯಾರು ಮಾಡುವ ಎಂಡಿ, ಡಿಒ ಕಾಲೇಜುಗಳೂ ನರ್ಸ್ ಪ್ರಾಕ್ಟಿಷನರ್ ಕಾಲೇಜುಗಳೂ ಸಾಲಿನಲ್ಲಿ ನಿಂತಿರುತ್ತವೆ.

ವಿದ್ಯಾರ್ಥಿಗಳು ಮಾಡುವ, ಎಲ್ಲರಿಗೂ ದುಬಾರಿಯಾಗುವ ಒಂದು ತಪ್ಪು ಇಲ್ಲೇ ನಡೆಯುತ್ತದೆ: ಆನ್‌ಬೋರ್ಡಿಂಗ್ ಕಾಗದಗಳನ್ನು, ಅಂದರೆ ಒಳಗೆ ಬಿಟ್ಟುಕೊಳ್ಳುವ ಮುನ್ನ ಆಸ್ಪತ್ರೆ ಕೇಳುವ ದಾಖಲೆಗಳನ್ನು, ಕೊನೇ ವಾರಕ್ಕೆ ಬಿಡುವುದು. ಇದನ್ನು ವಿಸ್ತಾರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ.

ಆರರಿಂದ ಎಂಟು ವಾರ ಮೊದಲೇ ಆಸ್ಪತ್ರೆಗೆ ಹೋಗಬೇಕಾದದ್ದು: ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಟೈಟರ್‌ಗಳು (ರಕ್ತದಲ್ಲಿ ರೋಗನಿರೋಧಕ ಎಷ್ಟಿದೆ ಎಂಬ ಪರೀಕ್ಷೆ), ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ ಲಸಿಕೆ), ಆ ವರ್ಷದ ಫ್ಲೂ ಲಸಿಕೆ, ಕ್ಷಯದ ಪರೀಕ್ಷೆ, ಬಿಎಲ್‌ಎಸ್ (ಜೀವ ಉಳಿಸುವ ತುರ್ತು ನೆರವಿನ ತರಬೇತಿ) ಕಾರ್ಡ್, ಡ್ರಗ್ ಸ್ಕ್ರೀನ್, ಬ್ಯಾಕ್‌ಗ್ರೌಂಡ್ ಚೆಕ್, ಎನ್95 ಮಾಸ್ಕ್‌ನ ಫಿಟ್ ಟೆಸ್ಟ್, ರೋಗಿಗಳ ಗೋಪ್ಯತೆಯ ತರಬೇತಿ. ಭಾರತದಲ್ಲಿ ಹುಟ್ಟಿದ ನಮಗೆ ಇದರಲ್ಲಿ ಮೂರು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ.

ಮೊದಲನೆಯದು ಕ್ಷಯ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ಬಂದರೆ ಎದೆಯ ಎಕ್ಸ್‌ರೇ, ಆಕ್ಯುಪೇಷನಲ್ ಹೆಲ್ತ್‌ನವರ ಪತ್ರ, ಮತ್ತಷ್ಟು ದಿನ. ಮೊದಲೇ ರಕ್ತದ ಪರೀಕ್ಷೆ, ಅಂದರೆ ಐಜಿಆರ್‌ಎ, ಬೇಕೆಂದು ಕೇಳಿ. ಬಿಸಿಜಿಯಿಂದ ಅದು ಪಾಸಿಟಿವ್ ಆಗುವುದಿಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಅಥವಾ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೊಳ್ಳಬೇಕಿದ್ದರೆ ಕ್ಷಯದ ಪರೀಕ್ಷೆ ಅದೇ ದಿನ ಮಾಡಿಸಿ, ಇಲ್ಲವೇ ಲಸಿಕೆಯ ನಂತರ ನಾಲ್ಕು ವಾರ ಕಾಯಿರಿ. ಜೀವಂತ ವೈರಸ್ ಲಸಿಕೆ ಆ ಪರೀಕ್ಷೆಯ ಪ್ರತಿಕ್ರಿಯೆಯನ್ನು ಮಂಕಾಗಿಸಬಹುದು.

ಎರಡನೆಯದು ಹೆಪಟೈಟಿಸ್ ಬಿ. ಚಿಕ್ಕಂದಿನಲ್ಲಿ ಮೂರು ಡೋಸ್ ಆಗಿದ್ದರೂ ಟೈಟರ್ 10ಕ್ಕಿಂತ ಕಡಿಮೆ ಬರುವುದು ಅಪರೂಪವಲ್ಲ. ಆಗ ಇನ್ನೊಂದು ಡೋಸ್ ಹಾಕಿಸಿಕೊಂಡು, ಒಂದರಿಂದ ಎರಡು ತಿಂಗಳ ನಂತರ ಮತ್ತೆ ಟೈಟರ್. ಎರಡು ವಾರ ಮುಂಚೆ ಎಚ್ಚೆತ್ತುಕೊಂಡವರಿಗೆ ಇದನ್ನು ಮುಗಿಸಲು ಯಾವ ದಾರಿಯೂ ಇಲ್ಲ.

ಮೂರನೆಯದು ಹೆಸರು. ನಮ್ಮ ಇನಿಷಿಯಲ್ಲು, ಊರ ಹೆಸರು, ಅಪ್ಪನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಕಡೆ ಕೂತಿರುತ್ತವೆ. ಬಿಎಲ್‌ಎಸ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಬ್ಯಾಡ್ಜ್ ಮಾಡುವವರು ಕಡತ ವಾಪಸ್ ಕಳಿಸುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಎಲ್ಲ ಕಡೆ ಬರೆಸಿ.

ಕಾಗದ ತಡವಾದರೆ ಆಗುವುದು ಇಷ್ಟು. ಬ್ಯಾಡ್ಜ್ ಇಲ್ಲ, ಬ್ಯಾಡ್ಜ್ ಇಲ್ಲದೆ ಚಾರ್ಟ್‌ನ (ರೋಗಿಗಳ ದಾಖಲೆ ಇರುವ ಕಂಪ್ಯೂಟರ್ ವ್ಯವಸ್ಥೆ) ಲಾಗಿನ್ ಇಲ್ಲ. ಐಟಿಯವರಿಗೆ ದೂರು ಕೊಟ್ಟು ಒಂದು ವಾರ. ನಾಲ್ಕು ವಾರದ ರೊಟೇಷನ್‌ನಲ್ಲಿ ಒಂದು ವಾರ ಗೋಡೆಗೆ ಒರಗಿ ನಿಲ್ಲುವುದು. ಪ್ರಿಸೆಪ್ಟರ್‌ಗೆ ಅವತ್ತು ಇಪ್ಪತ್ತು ರೋಗಿಗಳಿದ್ದರೆ ಇಪ್ಪತ್ತೂ ತಪಾಸಣೆಯ ನೋಟ್ ಅವರೇ ಬರೆಯಬೇಕು, ಜೊತೆಗೆ ನಿಮಗೆ ವಿವರಿಸಲೂ ಬೇಕು. ಮನೆಗೆ ಹೋಗುವುದು ತಡ. ಅವರು ನಿಮ್ಮನ್ನು ಬಯ್ಯುವುದಿಲ್ಲ, ಮುಗುಳ್ನಕ್ಕು ಸಹಿ ಹಾಕಿ ಕಳಿಸುತ್ತಾರೆ. ಮುಂದಿನ ಸಲ ಕೋಆರ್ಡಿನೇಟರ್ ಫೋನ್ ಮಾಡಿದಾಗ "ಈ ವರ್ಷ ವಿದ್ಯಾರ್ಥಿಗಳು ಬೇಡ" ಎನ್ನುತ್ತಾರೆ. ನಾಲ್ಕು ವಾರಕ್ಕೊಬ್ಬರಂತೆ ವರ್ಷಕ್ಕೆ ಹತ್ತು ಹನ್ನೆರಡು ಮಂದಿ ಕಲಿಯಬಹುದಾಗಿದ್ದ ಜಾಗ ಅಲ್ಲಿಗೆ ಹೋಯಿತು. ನಿಮ್ಮ ಹಿಂದಿನ ಬ್ಯಾಚಿನವರು ಚೆನ್ನಾಗಿ ನಡೆದುಕೊಂಡದ್ದರಿಂದಲೇ ಆ ಜಾಗ ನಿಮ್ಮವರೆಗೆ ಉಳಿದಿತ್ತು. ಗಿಫ್ಟ್ ಕಾರ್ಡಿನಿಂದ ಇದನ್ನು ಸರಿಪಡಿಸಲಾಗದು.

ಕ್ಲಿನಿಕ್ ಒಳಗೆ ಹೊರೆ ಇಳಿಸುವುದು ಹೇಗೆ? ಮೊದಲ ದಿನ ಒಂದೇ ಪುಟ ಕೊಡಿ: ಈ ರೊಟೇಷನ್‌ನ ಕಲಿಕೆಯ ಗುರಿಗಳು, ನೀವು ಇನ್ನೂ ಮಾಡಿರದ ಪ್ರೊಸೀಜರ್‌ಗಳು, ಮಧ್ಯಾವಧಿ ಮತ್ತು ಕೊನೆಯ ಮೌಲ್ಯಮಾಪನದ ತಾರೀಖು. ಕಾಲೇಜು ಕಳಿಸುವ ನಲವತ್ತು ಪುಟದ ಕೈಪಿಡಿ ಓದುವಷ್ಟು ಹೊತ್ತು ಯಾರಿಗೂ ಇಲ್ಲ. ಅವರು ಒಂದನೇ ಕೊಠಡಿಯಲ್ಲಿರುವಾಗ ನೀವು ಎರಡನೆಯದಕ್ಕೆ ಹೋಗಿ ಕಾಯಿಲೆಯ ಇತಿಹಾಸ ಕೇಳಿ, ಪರೀಕ್ಷೆ ಮಾಡಿ, ಅವರು ಹೊರಬರುವ ಹೊತ್ತಿಗೆ ಸಿದ್ಧವಾಗಿರಿ. ನೀವು ಅವರಿಗೆ ಹೇಳುವ ವರದಿ ಮೂರು ನಿಮಿಷ ದಾಟಬಾರದು. ಔಷಧಿ ಪಟ್ಟಿ ಮತ್ತು ಅಲರ್ಜಿಯನ್ನು ರೋಗಿಯ ಬಾಯಿಂದಲೇ ಕೇಳಿ ಚಾರ್ಟ್‌ಗೆ ಹೋಲಿಸಿ. ಇದನ್ನು ಸರಿಯಾಗಿ ಮಾಡುವ ವಿದ್ಯಾರ್ಥಿ ಸಿಕ್ಕರೆ ಪ್ರಿಸೆಪ್ಟರ್‌ಗೆ ದೊಡ್ಡ ಉಪಕಾರ.

ನೋಟ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2020ರ ಜನವರಿಯಿಂದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮದಂತೆ ಪಿಎ ವಿದ್ಯಾರ್ಥಿ ಬರೆದ ನೋಟನ್ನು ಪ್ರಿಸೆಪ್ಟರ್ ಪರಿಶೀಲಿಸಿ, ತಿದ್ದಿ, ಸಹಿ ಹಾಕಿದರೆ ಸಾಕು, ಮೊದಲಿನಿಂದ ಬರೆಯಬೇಕಿಲ್ಲ. ರೋಗಿಯನ್ನು ನೋಡಿ ನಿರ್ಧರಿಸುವ ಹೊಣೆ ಮಾತ್ರ ಅವರದೇ. ಕೆಲವು ಆಸ್ಪತ್ರೆಗಳು ಇನ್ನೂ ಬಿಗಿ ನಿಯಮ ಇಟ್ಟುಕೊಂಡಿವೆ, ಮೊದಲ ದಿನವೇ ಕೇಳಿಕೊಳ್ಳಿ. ಅನುಮತಿ ಇದ್ದರೆ ಸಹಿಗೆ ತಕ್ಕ ನೋಟ್ ಬರೆಯುವುದನ್ನು ಕಲಿಯಿರಿ: ನಿನ್ನೆಯ ನೋಟ್ ನಕಲು ಮಾಡಿ ಅಂಟಿಸಬೇಡಿ, ನೋಡದ ಅಂಗವನ್ನು "ನಾರ್ಮಲ್" ಎಂದು ಬರೆಯಬೇಡಿ. ಒಂದು ಸುಳ್ಳು ಸಾಲು ಸಿಕ್ಕರೆ ಆಮೇಲೆ ಅವರು ನಿಮ್ಮ ಪ್ರತಿ ಸಾಲನ್ನೂ ಅನುಮಾನದಿಂದ ಓದಬೇಕಾಗುತ್ತದೆ, ಉಳಿಸಿದ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ಉಡುಗೊರೆ ಕೊಡಲೇಬೇಕು ಎಂಬ ಹಟವಿದ್ದರೆ, ಮೌಲ್ಯಮಾಪನಕ್ಕೆ ಸಹಿ ಬೀಳುವ ಮುಂಚೆ ಮಾತ್ರ ಏನೂ ಬೇಡ. ಅಂಕಕ್ಕೆ ಕೊಟ್ಟದ್ದು ಎಂಬ ಅನುಮಾನ ಇಬ್ಬರಿಗೂ ಕೆಟ್ಟದ್ದು. ನಗದು, ಗಿಫ್ಟ್ ಕಾರ್ಡ್ ಎರಡನ್ನೂ ಬಹಳ ಆಸ್ಪತ್ರೆಗಳು ಒಪ್ಪುವುದಿಲ್ಲ. ಸಿಹಿ ಒಯ್ಯುವುದಾದರೆ ಪ್ಯಾಕ್ ಬಿಚ್ಚದ, ಪದಾರ್ಥಗಳ ಪಟ್ಟಿ ಇರುವ ಡಬ್ಬ ಒಯ್ದು ರಿಸೆಪ್ಷನ್‌ನಲ್ಲಿ ಕೂರುವವರಿಗೂ ಮೆಡಿಕಲ್ ಅಸಿಸ್ಟೆಂಟ್‌ಗಳಿಗೂ ಕೊಡಿ, ಗೋಡಂಬಿ ಅಲರ್ಜಿ ಇರುವವರು ಇರಬಹುದು ಎಂಬುದು ನೆನಪಿರಲಿ. ನಿಮಗೆ ಕೊಠಡಿ ತೋರಿಸಿ, ವಿದ್ಯಾರ್ಥಿ ನೋಡಲಿ ಎಂದು ರೋಗಿಗಳನ್ನು ಒಪ್ಪಿಸಿದವರು ಅವರು.

ಉಡುಗೊರೆಗಿಂತ ಪತ್ರ ಮೇಲು. ರೊಟೇಷನ್ ಮುಗಿದ ಒಂದು ವಾರದೊಳಗೆ ಬರೆಯಿರಿ. "ತುಂಬಾ ಕಲಿತೆ" ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಏನು ಕಲಿತಿರಿ ಎಂದು ಹೇಳಿ: ಮಗುವಿನ ಕಿವಿ ನೋಡುವಾಗ ಮೊದಲು ತಾಯಿಯ ಮಡಿಲಲ್ಲಿ ಕೂರಿಸುವುದು, ಹೊಟ್ಟೆನೋವಿನವರ ಮುಖ ನೋಡುತ್ತಲೇ ಹೊಟ್ಟೆ ಮುಟ್ಟುವುದು, ಹೀಗೆ. ರೋಗಿಯ ಹೆಸರು, ತಾರೀಖು, ಫೋಟೊ ಯಾವುದೂ ಬೇಡ. ಒಂದು ಪ್ರತಿಯನ್ನು ಕ್ಲಿನಿಕ್ ಮ್ಯಾನೇಜರ್‌ಗೂ ಕೋಆರ್ಡಿನೇಟರ್‌ಗೂ ಕಳಿಸಿ. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬೇಕೇ ಎಂಬ ಮಾತು ಬಂದಾಗ ಪ್ರಿಸೆಪ್ಟರ್ ಕೈಗೆ ಆ ಪತ್ರ ಒದಗುತ್ತದೆ. ಜೊತೆಗೆ ವಾರವಾರು ಎಷ್ಟು ಗಂಟೆ ಕಲಿಸಿದರು ಎಂಬ ಲೆಕ್ಕವನ್ನೂ ಕೋಆರ್ಡಿನೇಟರ್‌ಗೆ ಕೊಡಿ. ಪಿಎಗಳು ಎರಡು ವರ್ಷಕ್ಕೆ 100 ಸಿಎಂಇ (ಮುಂದುವರಿದ ವೈದ್ಯಕೀಯ ಶಿಕ್ಷಣ) ಕ್ರೆಡಿಟ್ ತೋರಿಸಬೇಕು, ಅದರಲ್ಲಿ ಕನಿಷ್ಠ 50 ಮೊದಲ ವರ್ಗದ್ದು. ಕಲಿಸಿದ ಗಂಟೆಗಳಿಗೆ ಆ ಕ್ರೆಡಿಟ್ ಕೊಡಿಸುವ ವ್ಯವಸ್ಥೆ ಅನೇಕ ಕಾಲೇಜುಗಳಲ್ಲಿದೆ. ಕೆಲವು ರಾಜ್ಯಗಳಲ್ಲಿ ಪ್ರಿಸೆಪ್ಟರ್‌ಗಳಿಗೆ ತೆರಿಗೆ ರಿಯಾಯಿತಿಯೂ ಉಂಟು. ಎರಡಕ್ಕೂ ಗಂಟೆಗಳ ದಾಖಲೆಯೇ ಆಧಾರ.

ಡೈರೆಕ್ಟರ್‌ಗೆ ಏನು ಎಂದಿರಾ? ಕಾಲೇಜು ಕಳಿಸುವ ಸಮೀಕ್ಷೆಗಳನ್ನು ತುಂಬಿ. ರೊಟೇಷನ್ ಜಾಗದ ಬಗ್ಗೆ, ಕೋರ್ಸಿನ ಬಗ್ಗೆ, ಪದವಿಯ ನಂತರ ಬರುವುದನ್ನೂ ಬಿಡಬೇಡಿ. ಮಾನ್ಯತೆ ನವೀಕರಣಕ್ಕೆ ಅವರು ಬರೆಯುವ ಸ್ವಯಂ ಮೌಲ್ಯಮಾಪನ ವರದಿಗೆ ಬೇಕಾದ ಅಂಕಿಅಂಶ ಬರುವುದು ಅಲ್ಲಿಂದ. ಎಲ್ಲದಕ್ಕೂ ಐದಕ್ಕೆ ಐದು ಒತ್ತಿ ಕಳಿಸುವುದು ಮರ್ಯಾದೆಯಲ್ಲ. ಯಾವ ಜಾಗದಲ್ಲಿ ಕಲಿಸಲಿಲ್ಲ, ಯಾವ ಪಾಠ ಸಾಲಲಿಲ್ಲ ಎಂದು ಕಾರಣ ಸಹಿತ ಬರೆಯಿರಿ.

ಕೆಲಸಕ್ಕೆ ಸೇರಿ, ಕೈ ಪಳಗಿದ ಮೇಲೆ ನೀವೇ ಪ್ರಿಸೆಪ್ಟರ್ ಆಗಿ. ಮೊದಲ ವರ್ಷ ಬೇಡ, ಆಗ ನೀವಿನ್ನೂ ನಿಮ್ಮ ಕೆಲಸವನ್ನೇ ಕಲಿಯುತ್ತಿರುತ್ತೀರಿ. ಆಮೇಲೆ ಕೋಆರ್ಡಿನೇಟರ್‌ಗೆ ಒಂದು ಇಮೇಲ್ ಹಾಕಿ: ಯಾವ ವಿಭಾಗ, ವಾರಕ್ಕೆ ಎಷ್ಟು ದಿನ, ದಿನಕ್ಕೆ ಸುಮಾರು ಎಷ್ಟು ರೋಗಿಗಳು, ಯಾವ ಚಾರ್ಟ್ ಸಾಫ್ಟ್‌ವೇರ್, ವಿದ್ಯಾರ್ಥಿಗೆ ಲಾಗಿನ್ ಸಿಗಲು ಎಷ್ಟು ವಾರ ಬೇಕು, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರಿ ಯಾರು. ಈ ಆರು ವಿವರ ಮೊದಲ ಪತ್ರದಲ್ಲೇ ಇದ್ದರೆ ಅವರ ಹತ್ತಾರು ಫೋನ್ ಕರೆ ಉಳಿಯುತ್ತದೆ. ಒಬ್ಬ ವಿದ್ಯಾರ್ಥಿ, ಒಂದು ರೊಟೇಷನ್‌ನಿಂದ ಶುರು ಮಾಡಿ.