ಹಳೆ ವಿಡಿಯೋ ಗೇಮ್ ಮೆಷಿನ್ ಒಳಗಿನದನ್ನೆಲ್ಲ ಕಿತ್ತು ಎಲ್‌ಸಿಡಿ ಹಾಕಿಸೋದು ಒಳ್ಳೇದಾ?

ನಿಮ್ಮ ಚಿಕ್ಕಪ್ಪ 90ರ ದಶಕದಲ್ಲಿ ನಡೆಸುತ್ತಿದ್ದ ವಿಡಿಯೋ ಗೇಮ್ ಪಾರ್ಲರಿನ ಒಂದು ಮೆಷಿನ್ ಗೋಡೌನಲ್ಲಿ ಉಳಿದಿದೆ. ಜೊತೆಗೆ ಕ್ಯಾಸೆಟ್ ಹಾಕುವ ಟಿವಿ ಗೇಮೂ ಒಂದು ಸಿಕ್ಕಿದೆ. ಮೆಷಿನ್‌ನಲ್ಲಿ ‘ಮುಸ್ತಫಾ’ ಗೇಮ್ ಇತ್ತು ಅನ್ನೋದು ನಿಮ್ಮ ನೆನಪು. ಪಿಕ್ಚರ್ ಟ್ಯೂಬು, ಗೇಮ್ ಬೋರ್ಡು ಎಲ್ಲ ಗುಜರಿಗೆ ಹಾಕಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಎಲ್‌ಸಿಡಿ ಕೂರಿಸು ಅಂತ ಗೆಳೆಯರು ಹೇಳ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಕೀಳಬೇಡಿ. ಆ ಪೆಟ್ಟಿಗೆಯಲ್ಲಿ ಪ್ಲೈವುಡ್ ಹೊಸದು ಸಿಗುತ್ತೆ, ಜಾಯ್‌ಸ್ಟಿಕ್ ಹೊಸದು ಸಿಗುತ್ತೆ, ಪವರ್ ಸಪ್ಲೈ ಅಂತೂ ಬೇಕಾದಷ್ಟು. ಹೊಸದು ಸಿಗದೇ ಇರೋದು ಪಿಕ್ಚರ್ ಟ್ಯೂಬ್ ಒಂದೇ. ಟಿವಿಗೆ ಹಾಕುವಂಥ ಕಲರ್ ಟ್ಯೂಬ್ ಮಾಡುತ್ತಿದ್ದ ಕಾರ್ಖಾನೆಗಳು ಬಾಗಿಲು ಹಾಕಿ ವರ್ಷಗಳಾದವು. ಅಂದರೆ ನಿಮ್ಮ ಗೆಳೆಯರು ಎಸೆಯೋಕೆ ಹೇಳ್ತಿರೋದು ಸರಿಯಾಗಿ ಆ ಒಂದನ್ನೇ.

ದಾವಣಗೆರೆಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ ಇತ್ತು. ಕಾಲೇಜುಗಳ ಹತ್ತಿರದ ಪಾರ್ಲರಿನವರು ಮೆಷಿನ್ ಕೆಟ್ಟಾಗ ಕರೀತಿದ್ದರು. ಈಗ ಅಂಗಡಿ ಇಲ್ಲ, ಹುಚ್ಚು ಉಳಿದಿದೆ. ಯಾರಾದರೂ ಇಂಥ ಮೆಷಿನ್ ತಂದರೆ ಸರಿ ಮಾಡಿಕೊಡ್ತೀನಿ, ಹಾಗಾಗಿ ಕೈಯಲ್ಲಿ ಮುಟ್ಟಿ ಗೊತ್ತಿರೋದನ್ನಷ್ಟೇ ಹೇಳ್ತೀನಿ.

ಮೊದಲು ಗೇಮ್ ವಿಷಯ. ನಮ್ಮ ಕಡೆ ಎಲ್ಲರೂ ಮುಸ್ತಫಾ ಅಂತ ಕರೆದದ್ದು ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅದರಲ್ಲಿ ನಾಲ್ಕು ಪಾತ್ರ: ಜಾಕ್, ಹನ್ನಾ, ಮುಸ್ತಫಾ, ಮೆಸ್. ಮುಸ್ತಫಾನೇ ಚುರುಕು, ಎಲ್ಲರೂ ಅವನನ್ನೇ ಹಿಡೀತಿದ್ದರು, ಕೊನೆಗೆ ಗೇಮಿಗೇ ಅವನ ಹೆಸರು ಅಂಟಿಕೊಂಡಿತು. ಈ ಗೇಮ್ ಯಾವ ಮನೆ ಕನ್ಸೋಲ್‌ಗೂ ಅಧಿಕೃತವಾಗಿ ಬರಲೇ ಇಲ್ಲ. ಹಾಗಾಗಿ ನಿಮ್ಮ ಮೆಷಿನ್‌ನ ಒಳಗಿರುವ ಬೋರ್ಡಿಗೆ ಬೆಲೆ ಇದೆ, ಅದು ಅಸಲಿ ಆಗಿದ್ದರೆ ಇನ್ನೂ ಹೆಚ್ಚು.

ಅಸಲಿಯೋ ನಕಲಿಯೋ ನೋಡೋದು ಹೇಗೆ? ಅಸಲಿ ಬೋರ್ಡ್ ಒಂದರ ಮೇಲೊಂದು ಪದರಪದರವಾಗಿ ಇರುತ್ತೆ, ಕ್ಯೂಸೌಂಡ್ ಅನ್ನೋ ಧ್ವನಿ ವಿಭಾಗ ಇರುತ್ತೆ, ಮತ್ತು ಒಂದು ಲಿಥಿಯಂ ಬ್ಯಾಟರಿ. ಆ ಬ್ಯಾಟರಿ ಸ್ಕೋರ್ ನೆನಪಿಡೋಕಲ್ಲ. ಕಾಪಿ ಮಾಡಬಾರದು ಅಂತ ಕ್ಯಾಪ್ಕಾಮ್‌ನವರು ಗೂಢಲಿಪಿಯ ಕೀಲಿಯನ್ನು ಬ್ಯಾಟರಿಯ ಬಲದಲ್ಲಿ ಹಿಡಿದಿಟ್ಟಿದ್ದರು. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತೆ, ಬೋರ್ಡ್ ತಾನಾಗಿ ಕೆಡುತ್ತೆ. ಹವ್ಯಾಸಿಗಳು ಇದಕ್ಕೆ ಇಟ್ಟಿರೋ ಹೆಸರೇ ‘ಆತ್ಮಹತ್ಯೆ ಬ್ಯಾಟರಿ’. ಆ ಕೀಲಿಯನ್ನು ಮತ್ತೆ ತುಂಬುವ ದಾರಿಯನ್ನೂ ಅವರೇ ಹುಡುಕಿದ್ದಾರೆ, ಸತ್ತಿದ್ದರೂ ನಿರಾಸೆ ಬೇಡ. ಬ್ಯಾಟರಿ ಇನ್ನೂ ಜೀವಂತ ಇದ್ದರೆ ಮಾತ್ರ ಕುತೂಹಲಕ್ಕೂ ಕೀಳಬೇಡಿ. ಆದರೆ ನಮ್ಮ ಊರುಗಳಿಗೆ ಬಂದಿದ್ದು ಬಹುಪಾಲು ನಕಲಿ ಬೋರ್ಡುಗಳೇ. ಅವುಗಳಲ್ಲಿ ಕ್ಯೂಸೌಂಡ್ ಕಿತ್ತು ಸಾದಾ ಸೌಂಡ್ ಚಿಪ್ ಹಾಕಿರ್ತಾರೆ, ಆತ್ಮಹತ್ಯೆಯ ರಗಳೆಯೂ ಇರಲ್ಲ. ಕಳ್ಳಮಾಲೇ ಹೆಚ್ಚು ದಿನ ಬಾಳಿತು ಅಂತ ಹೇಳೋಕೆ ಮುಜುಗರ, ಆದರೆ ನಿಜ.

ಈಗ ಟ್ಯೂಬು. ಇಲ್ಲಿ ನಿಧಾನವಾಗಿ ಓದಿ.

ಪ್ಲಗ್ ಕಿತ್ತ ಮೇಲೂ ಕಲರ್ ಟ್ಯೂಬ್ ಚಾರ್ಜ್ ಹಿಡಿದುಕೊಂಡಿರುತ್ತೆ. ನಡೀತಿರುವಾಗ ಅದರ ಆನೋಡಿಗೆ, ಅಂದರೆ ಟ್ಯೂಬಿನ ಬೆನ್ನ ಮೇಲೆ ರಬ್ಬರ್ ಟೋಪಿಯ ಕೆಳಗೆ ದಪ್ಪ ವೈರ್ ಸೇರುವ ಜಾಗಕ್ಕೆ, 20 ಸಾವಿರ ವೋಲ್ಟಿಗಿಂತ ಜಾಸ್ತಿ ಇರುತ್ತೆ. ವರ್ಷಗಟ್ಟಲೆ ಗೋಡೌನಲ್ಲಿದ್ದ ಟ್ಯೂಬ್ ಖಾಲಿಯಾಗಿರುತ್ತೆ ನಿಜ, ಆದರೆ ನೀವು ಒಮ್ಮೆ ಆನ್ ಮಾಡಿ ಆಫ್ ಮಾಡಿದ ಕ್ಷಣದಿಂದ ಅದು ಮತ್ತೆ ತುಂಬಿದ ಕೊಡ. ಡಿಸ್‌ಚಾರ್ಜ್ ಮಾಡೋದು ಹೀಗೆ: ಉದ್ದದ ಚಪ್ಪಟೆ ಸ್ಕ್ರೂಡ್ರೈವರ್, ಹಿಡಿ ಒಳ್ಳೇ ಪ್ಲಾಸ್ಟಿಕ್‌ದಾಗಿರಲಿ. ಅದರ ಕಬ್ಬಿಣಕ್ಕೆ ಒಂದು ವೈರ್ ಕ್ಲಿಪ್ ಹಾಕಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಜಡೆಯಂಥ ತಂತಿಗೆ ಸಿಗಿಸಿ. ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಸಿಗಿಸಬೇಡಿ, ಐಸಿಗಳು ಹೋಗ್ತವೆ. ಒಂದು ಕೈ ಜೇಬಲ್ಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ತುದಿಯನ್ನು ಆ ರಬ್ಬರ್ ಟೋಪಿಯ ಕೆಳಗೆ ಮೆಲ್ಲಗೆ ತಳ್ಳಿ, ಒಳಗಿನ ಲೋಹದ ಕ್ಲಿಪ್ಪಿಗೆ ತಾಗಬೇಕು. ಟಪ್ ಅಂತ ಸದ್ದು ಬರಬಹುದು, ಬರದೇನೂ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಿ, ಯಾಕಂದ್ರೆ ಗಾಜು ಉಳಿದ ಚಾರ್ಜನ್ನು ನಿಧಾನವಾಗಿ ವಾಪಸ್ ಬಿಡುತ್ತೆ.

ಇಷ್ಟಕ್ಕೇ ಮುಗೀಲಿಲ್ಲ. ಪವರ್ ಸಪ್ಲೈ ಭಾಗದ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತೆ. ನಮ್ಮ ಮನೆಯ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ ಬರೋದು ಅಷ್ಟು. ಜನ ಟ್ಯೂಬಿಗೆ ಹೆದರ್ತಾರೆ, ನಾನು ಈ ಕೆಪಾಸಿಟರ್‌ಗೆ ಹೆಚ್ಚು ಹೆದರ್ತೀನಿ. ಮೀಟರ್ ಇಟ್ಟು ಸೊನ್ನೆ ನೋಡದೆ ಬೋರ್ಡ್ ಮುಟ್ಟಬೇಡಿ. ಇದನ್ನು ಓದುವಾಗಲೇ ಎದೆ ಡವಡವ ಅಂದ್ರೆ, ನಿಮ್ಮ ಊರಲ್ಲಿ ತಲೆ ನರೆತ ಟಿವಿ ಮೆಕ್ಯಾನಿಕ್ ಯಾರಾದರೂ ಇದ್ದೇ ಇರ್ತಾರೆ, ಅವರನ್ನು ಕರೀರಿ. ಇಂಥ ಕೆಲಸ ಬಂತು ಅಂದ್ರೆ ಖುಷಿಯಿಂದ ಬರ್ತಾರೆ.

ಇನ್ನೊಂದು ಅಪಾಯ ನಮ್ಮ ದೇಸಿ ಮೆಷಿನ್‌ಗಳಿಗೇ ವಿಶೇಷವಾದದ್ದು. ಅಮೆರಿಕ, ಜಪಾನಿನ ಕ್ಯಾಬಿನೆಟ್‌ಗಳಲ್ಲಿ ಗೇಮಿಗಂತಲೇ ಮಾಡಿದ ಮಾನಿಟರ್ ಇರುತ್ತಿತ್ತು. ನಾನು ಬಿಚ್ಚಿ ನೋಡಿದ ಲೋಕಲ್ ಮೆಷಿನ್‌ಗಳಲ್ಲಿ ಬಡಗಿ ಕಟ್ಟಿದ ಪ್ಲೈವುಡ್ ಪೆಟ್ಟಿಗೆ, ಅದರೊಳಗೆ ಮನೆ ಕಲರ್ ಟಿವಿಯ ಟ್ಯೂಬು ಮತ್ತು ಚಾಸಿ (ಟ್ಯೂಬನ್ನು ನಡೆಸುವ ಸರ್ಕ್ಯೂಟ್ ಬೋರ್ಡ್). ಆರ್ಕೇಡ್ ಬೋರ್ಡ್ ಮತ್ತು ನಮ್ಮ ಟಿವಿ ಎರಡೂ ಅಡ್ಡಗೆರೆ ಎಳೆಯೋದು ಸೆಕೆಂಡಿಗೆ ಹದಿನೈದು ಸಾವಿರ ಚಿಲ್ಲರೆ ಸಲ, ಹಾಗಾಗಿ ಜೋಡಿ ಹೊಂದುತ್ತಿತ್ತು. ನಾವು ಮಾಡುತ್ತಿದ್ದದ್ದು ಇಷ್ಟೇ: ಆಂಟೆನಾ ದಾರಿ ಬಿಟ್ಟು ಕೆಂಪು, ಹಸಿರು, ನೀಲಿ ಸಿಗ್ನಲ್ಲನ್ನು ನೇರವಾಗಿ ಒಳಗೆ ಕೊಡೋದು. ಆದರೆ ಕೆಲವು ಚಾಸಿಗಳಲ್ಲಿ ಗ್ರೌಂಡ್ ಅನ್ನೋದೇ ಮೇನ್ಸ್‌ಗೆ ಕೂಡಿರುತ್ತೆ. ಅಂಥ ಟಿವಿಗೆ ಗೇಮ್ ಬೋರ್ಡ್ ಸೇರಿಸಿದರೆ ಜಾಯ್‌ಸ್ಟಿಕ್ಕಿನ ಕಬ್ಬಿಣದ ಪ್ಲೇಟೂ ಲೈವ್! ಅದಕ್ಕೇ ಪೆಟ್ಟಿಗೆಯ ತಳದಲ್ಲಿ ಮೇನ್ಸ್‌ನಿಂದ ಚಾಸಿಯನ್ನು ಬೇರೆ ಮಾಡುವ, ಇಟ್ಟಿಗೆಯಷ್ಟು ಭಾರದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡ್ತಿದ್ದೆವು. ತಾಮ್ರದ ಆಸೆಗೆ ಅದನ್ನು ಯಾರೋ ಕಿತ್ತು ಮಾರಿರೋದು ನೋಡಿದ್ದೀನಿ. ನಿಮ್ಮದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಹಾಕೋವರೆಗೆ ಪ್ಲಗ್ ಹತ್ತಿರವೂ ಹೋಗಬೇಡಿ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬಲ್ಬ್ ಹಾಕಿ, ಅಂದರೆ ಮೆಷಿನ್‌ಗೆ ಬರೋ ಕರೆಂಟ್ ಮೊದಲು ಬಲ್ಬ್ ದಾಟಿ ಬರೋ ಹಾಗೆ, 100 ವ್ಯಾಟಿನ ಹಳೇ ತಂತಿ ಬಲ್ಬು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಚಾಸಿ ಉಳಿಯುತ್ತೆ. ಚಿತ್ರ ಬಂದರೆ ಅದರ ರೋಗ ಕಣ್ಣಿಗೇ ಕಾಣುತ್ತೆ. ಎತ್ತರ ಕುಗ್ಗಿದ್ದರೆ, ಮೇಲ್ಭಾಗ ಮಡಚಿಕೊಂಡಿದ್ದರೆ ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ವರ್ಟಿಕಲ್ ವಿಭಾಗದ ಕೆಪಾಸಿಟರ್ ಒಣಗಿದೆ. ನಡುವೆ ಒಂದೇ ಅಡ್ಡಗೆರೆ ಇದ್ದರೆ ವರ್ಟಿಕಲ್ ಐಸಿ, ಇಲ್ಲವೇ ಅದರ ಕಾಲಲ್ಲಿ ಡ್ರೈ ಸೋಲ್ಡರ್, ಅಂದರೆ ಬಿಟ್ಟುಹೋದ ಬೆಸುಗೆ. ಮೂಲೆಯಲ್ಲಿ ನೇರಳೆ ಕಲೆ ಇದ್ದರೆ ಟ್ಯೂಬು ಅಯಸ್ಕಾಂತ ಹಿಡಿದಿದೆ, ಡೀಗಾಸ್ ಮಾಡಿದರೆ, ಅಂದರೆ ಆ ಅಯಸ್ಕಾಂತ ಗುಣ ತೆಗೆದರೆ, ಹೋಗುತ್ತೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳನ್ನು ಒಂದೊಂದೇ ಪರೀಕ್ಷೆ ಮಾಡ್ತಾ ಕೂರೋ ಬದಲು ಪೂರ್ತಿ ಸೆಟ್ ಬದಲಾಯಿಸಿಬಿಡಿ, 105 ಡಿಗ್ರಿ ಬಿಸಿ ತಡೆಯುವಂಥವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತೆ, ದೊಡ್ಡ ಖರ್ಚಿಲ್ಲ. ಎಲ್‌ಒಟಿ (ಟ್ಯೂಬಿಗೆ ಸಾವಿರಾರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್) ಕಾಲುಗಳ ಸೋಲ್ಡರನ್ನು ಕೆಟ್ಟಿರಲಿ ಬಿಡಲಿ ಒಮ್ಮೆ ಹೊಸದಾಗಿ ಹಾಕಿ. ಭಾರ, ಬಿಸಿ ಎರಡೂ ಅಲ್ಲೇ, ಬಿರುಕು ಬಿಡೋದೂ ಅಲ್ಲೇ.

ಬೋರ್ಡ್ ಕಡೆಗೆ ಬಂದರೆ, ವೈರಿಂಗ್ ಸುಲಭ. 1985ರಲ್ಲಿ ಜಪಾನಿನ ತಯಾರಕರ ಸಂಘ ಜಮ್ಮಾ ಅನ್ನೋ ಒಂದೇ ಮಾದರಿಯ ಕನೆಕ್ಟರ್ ನಿಗದಿ ಮಾಡಿತು: ಒಂದೊಂದು ಬದಿಗೆ 28, ಒಟ್ಟು 56 ಪಿನ್. ಅದಕ್ಕೇ ಪಾರ್ಲರಿನವರು ಸಂಜೆ ಒಂದು ಗೇಮ್ ಕಿತ್ತು ಬೆಳಿಗ್ಗೆ ಇನ್ನೊಂದು ಹಾಕೋಕೆ ಆಗ್ತಿದ್ದದ್ದು. ಕನೆಕ್ಟರ್ ತಲೆಕೆಳಗಾಗಿ ಹೋಗದಂತೆ ಏಳನೇ ಪಿನ್ನಿನ ಜಾಗದಲ್ಲಿ ಒಂದು ತಡೆ ಇರುತ್ತೆ. ಹಳೇ ಹಾರ್ನೆಸ್‌ಗಳಲ್ಲಿ (ಕನೆಕ್ಟರ್ ಸೇರಿದ ವೈರಿನ ಕಂತೆ) ಅದು ಬಿದ್ದುಹೋಗಿರುತ್ತೆ, ಆಗ ಯಾವ ಬದಿ ಮೇಲೆ ಅಂತ ಎರಡು ಸಲ ನೋಡಿ ಹಾಕಿ. ಗೇಮ್ ನಡುವೆ ತಾನೇ ರೀಸೆಟ್ ಆಗ್ತಿದ್ದರೆ ಬೋರ್ಡ್ ಕೆಟ್ಟಿದೆ ಅಂತ ಓಡಬೇಡಿ. 5 ವೋಲ್ಟ್ ಲೈನನ್ನು ಸಪ್ಲೈ ಹತ್ತಿರ ಅಲ್ಲ, ಬೋರ್ಡಿನ ಮೇಲೇ, ಗೇಮ್ ನಡೀತಿರುವಾಗ ಅಳೆಯಿರಿ. ಸಪ್ಲೈನಲ್ಲಿ ಸರಿಯಾಗಿ 5 ಇದ್ದು, ಸವೆದ ವೈರು, ಕಿಲುಬು ಹಿಡಿದ ಪಿನ್ ದಾಟಿ ಬೋರ್ಡಿಗೆ ಬರೋ ಹೊತ್ತಿಗೆ 4.75ಕ್ಕಿಂತ ಕೆಳಗೆ ಬಿದ್ದಿರುತ್ತೆ. ನಾನು ಕಂಡ ‘ಸತ್ತ’ ಬೋರ್ಡುಗಳಲ್ಲಿ ಎಷ್ಟೋ ಇದೇ ಕಾಯಿಲೆಯವು. ರಬ್ಬರಿನಲ್ಲಿ ಪಿನ್ ಉಜ್ಜಿ, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಸಪ್ಲೈನ ಪುಟ್ಟ ತಿರುಪು ಒಂಚೂರು ತಿರುಗಿಸಿದರೆ ಎದ್ದು ಕೂರುತ್ತವೆ.

ಮರದ ಕೆಲಸ ನೀವೇ ಮಾಡಿಕೊಳ್ತೀರಿ. ಗೆದ್ದಲು ಇದೆಯಾ ಅಂತ ತಳದಿಂದ ತಟ್ಟಿ ನೋಡಿ, ನೀರು ಕುಡಿದು ಉಬ್ಬಿದ ಭಾಗ ಕತ್ತರಿಸಿ ಹೊಸ ಪ್ಲೈ ಜೋಡಿಸಿ. ಪಕ್ಕದ ಹಳೇ ಚಿತ್ರ, ಅಂಗಡಿ ಹೆಸರು ಇದ್ದರೆ ದಯವಿಟ್ಟು ಸನ್‌ಮೈಕಾ ಹೊಡೆದು ಮುಚ್ಚಬೇಡಿ.

ಇಷ್ಟೆಲ್ಲ ಯಾಕೆ, ಎಲ್‌ಸಿಡಿಯಲ್ಲೂ ಗೇಮ್ ಕಾಣುತ್ತಲ್ಲ ಅಂತ ಗೆಳೆಯರು ಕೇಳ್ತಾರೆ. ಆ ಗೇಮಿನ ಚಿತ್ರ ಅಗಲಕ್ಕೆ 384, ಎತ್ತರಕ್ಕೆ ಬರೀ 224 ಚುಕ್ಕಿ. ಟ್ಯೂಬಿನ ಮೇಲೆ ಒಂದೊಂದು ಗೆರೆಯ ನಡುವೆ ಸಣ್ಣ ಕತ್ತಲು ಇರುತ್ತೆ, ಚುಕ್ಕಿಗಳ ಅಂಚು ಒಂದಕ್ಕೊಂದು ಕಲೆಯುತ್ತೆ. ಕಲಾವಿದರು ಬಣ್ಣ ಇಟ್ಟದ್ದು ಅದನ್ನು ನೋಡಿಕೊಂಡೇ. ಅದನ್ನೇ ದೊಡ್ಡ ಎಲ್‌ಸಿಡಿಗೆ ಎಳೆದರೆ ಡೈನೋಸಾರ್ ಮೈ ಟೈಲ್ಸ್ ಹಾಸಿದ ನೆಲ! ಮೇಲಿಂದ, ಚಿತ್ರ ಹಿಗ್ಗಿಸೋಕೆ ಎಲ್‌ಸಿಡಿ ಸ್ವಲ್ಪ ಸಮಯ ತಗೊಳ್ಳುತ್ತೆ. ಬಟನ್ ಒತ್ತಿದ್ದಕ್ಕೂ ಒದೆ ಬಿದ್ದದ್ದಕ್ಕೂ ನಡುವೆ ಒಂದು ಅಂತರ. ಕಣ್ಣಿಗೆ ಕಾಣದಿದ್ದರೂ ಹಳೇ ಆಟಗಾರನ ಹೆಬ್ಬೆರಳಿಗೆ ಗೊತ್ತಾಗುತ್ತೆ.

ನಿಮ್ಮ ಕ್ಯಾಸೆಟ್ ಟಿವಿ ಗೇಮಿಗೂ ಟ್ಯೂಬ್ ಟಿವಿಯೇ ಬೇಕು. ನಮ್ಮಲ್ಲಿ ಮಾರಿದ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು, 60 ಪಿನ್ನಿನ ಕ್ಯಾಸೆಟ್. ಡಬ್ಬದಲ್ಲಿ ಗನ್ ಇದೆಯಾ ನೋಡಿ. ಬಾತುಕೋಳಿಗೆ ಗುರಿ ಇಡುವ ಡಕ್ ಹಂಟ್ ಗೇಮಿನಲ್ಲಿ ಗನ್ನಿನಿಂದ ಏನೂ ಹೊರಗೆ ಹೋಗಲ್ಲ, ಅದು ಬರೀ ನೋಡುವ ಕಣ್ಣು. ಟ್ರಿಗರ್ ಎಳೆದ ಕೂಡಲೇ ಪರದೆ ಒಂದು ಫ್ರೇಮ್ ಪೂರ್ತಿ ಕಪ್ಪಾಗುತ್ತೆ, ಮುಂದಿನ ಫ್ರೇಮಿನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತೆ. ಮೊದಲು ಕತ್ತಲು, ತಕ್ಷಣ ಬೆಳಕು ಗನ್ನಿಗೆ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಕತ್ತಲು ಮೊದಲು ನೋಡೋದು ಯಾಕೆ ಗೊತ್ತಾ? ಬಲ್ಬಿಗೆ ಗನ್ ಹಿಡಿದು ಮೋಸ ಮಾಡಬಾರದು ಅಂತ. ಎಲ್‌ಸಿಡಿಯಲ್ಲಿ ಆ ಬಿಳಿ ಚೌಕ ತಡವಾಗಿ ಬರುತ್ತೆ, ಹಾಗಾಗಿ ಒಂದು ಕೋಳಿಯೂ ಬೀಳಲ್ಲ, ಗೇಮಿನೊಳಗಿನ ನಾಯಿ ನಗುತ್ತಲೇ ಇರುತ್ತೆ.

ಅದನ್ನು ಆನ್ ಮಾಡೋ ಮೊದಲು ಅಡಾಪ್ಟರ್ ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಅಂತ ಗೇಮಿನ ಬೆನ್ನಿಗೆ ಬರೆದದ್ದಕ್ಕೆ ಹೋಲಿಸಿ, ಒಂದೊಂದು ನಕಲಿಯಲ್ಲಿ ಒಂದೊಂದು ಥರ. ಒಳಗೆ 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಹೋಗಿದ್ದರೆ ಕೆಲವೇ ರೂಪಾಯಿಯ ಕೆಲಸ. ಕರೀ ಅಂಟಿನ ಗುಳ್ಳೆಯ ಕೆಳಗಿನ ಚಿಪ್ಪೇ ಹೋಗಿದ್ದರೆ ಬೇರೆ ಸೆಟ್ ಹುಡುಕಿ, ಅದಕ್ಕೆ ರಿಪೇರಿ ಇಲ್ಲ. ಕ್ಯಾಸೆಟ್ ಊದಬೇಡಿ. ಊದಿದಾಗ ಸರಿಹೋಗ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಎಂಜಲಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತೆ ಅಷ್ಟೇ. ಹಾಂ, ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಇದ್ದರೆ ಎಣಿಸೋಕೆ ಹೋಗಬೇಡಿ, ಇರೋ ನಾಲ್ಕಾರನ್ನೇ ಬೇರೆ ಬೇರೆ ಲೆವೆಲ್‌ನಿಂದ ಶುರು ಮಾಡಿ ಹೆಸರು ಬದಲಾಯಿಸಿರ್ತಾರೆ.

ರಾಸ್ಪ್‌ಬೆರಿ ಪೈ ಬಗ್ಗೆ ನನಗೆ ದ್ವೇಷ ಏನಿಲ್ಲ. ಮಕ್ಕಳಿಗೆ ಬೇರೆ ಗೇಮೂ ಬೇಕು ಅಂದ್ರೆ, ಪೈಯನ್ನು ಜಮ್ಮಾ ಕನೆಕ್ಟರಿಗೆ ಸಿಗಿಸುವ ಅಡಾಪ್ಟರ್ ಬೋರ್ಡ್ ಸಿಗ್ತವೆ, ಅವು ಟ್ಯೂಬಿಗೆ ಹೊಂದುವ ಸಿಗ್ನಲ್ಲನ್ನೇ ಕೊಡ್ತವೆ. ಒಂದು ವೈರೂ ಕತ್ತರಿಸೋದು ಬೇಡ, ಬೇಕಾದಾಗ ಕಿತ್ತು ಮುಸ್ತಫಾ ಬೋರ್ಡ್ ವಾಪಸ್ ಹಾಕಬಹುದು. ಟ್ಯೂಬಿನ ಕತ್ತು ಮುರಿದು ಗಾಳಿ ಹೊಕ್ಕಿದ್ದರೆ ಮಾತು ಬೇರೆ. ಆಗಲೂ ಎಲ್‌ಸಿಡಿಗೆ ಹೋಗೋ ಮೊದಲು ಅದೇ ಸೈಜಿನ ಹಳೇ ಟಿವಿ ಗುಜರಿಯಲ್ಲಿ ಹುಡುಕಿ. ಜನ ಈಗಲೂ ಚೆನ್ನಾಗಿರೋ ಟಿವಿಗಳನ್ನೇ ತಂದು ಹಾಕ್ತಿದ್ದಾರೆ, ಇನ್ನು ಎಷ್ಟು ದಿನವೋ.

ಹಿಂಬಾಗಿಲು ತೆಗೆದು ಟ್ಯೂಬಿನ ಕತ್ತು, ತಳದ ಟ್ರಾನ್ಸ್‌ಫಾರ್ಮರ್, ಗೇಮ್ ಬೋರ್ಡಿನ ಎರಡೂ ಬದಿ, ಇಷ್ಟರ ಫೋಟೋ ಹಾಕಿ. ಪ್ಲಗ್ ಹಾಕೋದು ಆಮೇಲೆ. ಮತ್ತೆ ಮೆಷಿನ್ ಮನೆಗೆ ತರೋ ಮೊದಲು ಬಾಗಿಲಿನ ಅಗಲ ಅಳೆದುಕೊಳ್ಳಿ.